ಗೆಳೆಯನ ಮನೆಗೆ ಹೇಳದೆ ನುಗ್ಗಿದ್ದು ತಪ್ಪಾ, ಗೆಳೆಯನ ವೈರಿಯನ್ನು ಒಳಗಿಟ್ಟುಕೊಂಡಿದ್ದು ತಪ್ಪಾ?

ಕೋಡಿಬಾಗ ಮಾಸ್ತರ್ · ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಒಂದು ಪಂಥ ಬಗೆಹರಿಸಿ ಕೊಡಿ.

ಬೆಳಿಗ್ಗೆ ಕಟಿಂಗ್ ಅಂಗಡಿಯಲ್ಲಿ ನಾಲ್ಕು ಜನ ಪಾಳಿ ಕಾಯುತ್ತಿದ್ದೆವು. ಟಿವಿಯಲ್ಲಿ ಅಮೆರಿಕದವರೂ ಪಾಕಿಸ್ತಾನದವರೂ ಕೈ ಕುಲುಕುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. "ಇದೆಂಥಾ ದೋಸ್ತಿ? ದೋಸ್ತನ ಹಿತ್ತಲಿಗೆ ರಾತ್ರೋರಾತ್ರಿ ಹೆಲಿಕಾಪ್ಟರ್ ಇಳಿಸಿದವರು ಇವರೇ ಅಲ್ವಾ?" ಅಂದೆ. ಕುರ್ಚಿಯಲ್ಲಿದ್ದ ನನ್ನ ಹಳೇ ಸ್ನೇಹಿತ ಅರ್ಧ ಗಡ್ಡದ ಸೋಪಿನ ಸಮೇತ ತಿರುಗಿದ. "ಹೇಳಿ ಹೋಗಿದ್ದರೆ ಬಿನ್ ಲಾಡೆನ್ ಸಿಗುತ್ತಿದ್ದನಾ?" ಅಂದ. ಅಲ್ಲಿಂದ ಶುರುವಾದದ್ದು ಹನ್ನೆರಡು ಗಂಟೆಯವರೆಗೆ ನಡೆಯಿತು. ಕತ್ತರಿ ಹಿಡಿದವನೂ ಕೆಲಸ ಬಿಟ್ಟು ಪಕ್ಷ ಹಿಡಿದ.

ನನ್ನ ವಾದ ಇಷ್ಟು. 2011ರ ಮೇ 2ರ ರಾತ್ರಿ ಅಮೆರಿಕದ ಸೈನಿಕರು ಅಫ್ಘಾನಿಸ್ತಾನದ ಜಲಾಲಾಬಾದಿನಿಂದ ಹಾರಿ ಅಬೋಟಾಬಾದಿಗೆ ಬಂದರು. ಪಾಕಿಸ್ತಾನಕ್ಕೆ ಮೊದಲು ಒಂದು ಮಾತೂ ಹೇಳಲಿಲ್ಲ. ಅದೇ ಪಾಕಿಸ್ತಾನಕ್ಕೆ 2004ರಲ್ಲಿ 'ನ್ಯಾಟೋದಲ್ಲಿ ಇಲ್ಲದ ಪ್ರಮುಖ ಮಿತ್ರ' ಅಂತ ಪಟ್ಟ ಕಟ್ಟಿದವರೂ ಇವರೇ. ಮಿತ್ರ ಅಂತ ಕರೆದ ಮೇಲೆ ನಂಬಬೇಕು. ನಂಬಿಕೆ ಇಲ್ಲದಿದ್ದರೆ ಹಾಗೆ ಕರೆಯಬಾರದು.

ಅವನ ವಾದ: ವೈರಿಯನ್ನು ಮನೆಯಲ್ಲಿ ಇಟ್ಟುಕೊಂಡವನ ಬಾಗಿಲು ಬಡಿದು ಹೋಗಬೇಕಾಗಿಲ್ಲ.

ಯಾರದ್ದು ಸರಿ? ಸೋತವರು ಗೆದ್ದವರಿಗೆ ಊಟ ಹಾಕಿಸಬೇಕು.

ಬೈತಖೋಲ್ ಬಂಗಡೆ · 8:52

ಊಟ ಎಲ್ಲಿ ಮಾಸ್ತರೇ? ಅದು ಗೊತ್ತಾದ ಮೇಲೆ ನನ್ನ ಪಕ್ಷ ಹೇಳ್ತೇನೆ.

ಹೊನ್ನಾವರ ಎಕ್ಸ್‌ಪ್ರೆಸ್ · 8:55

ದಿನಾಂಕ ತಪ್ಪು!! ಮೇ 1. ಒಬಾಮಾ ಟಿವಿಯಲ್ಲಿ ಹೇಳಿದ್ದೇ ಮೇ 1ಕ್ಕೆ.

ಕುಮಟಾ ಅಕ್ಕೋರು · 9:01

ಎರಡೂ ಸರಿ ತಮ್ಮಾ. ವಾಷಿಂಗ್ಟನ್ನಿನಲ್ಲಿ ಇನ್ನೂ ಮೇ 1ರ ರಾತ್ರಿ. ಅಷ್ಟೊತ್ತಿಗೆ ಅಬೋಟಾಬಾದಿನಲ್ಲಿ ಮೇ 2 ಬೆಳಗಾಗಿತ್ತು.

ಶಿರಸಿ ಕವಳ · 9:14

ನನಗೆ ಬಿನ್ ಲಾಡೆನ್ ಅಡಗಿದ್ದ ಆ ಮನೆಯದ್ದೇ ವಿಚಿತ್ರ. ಸುತ್ತಲಿನ ಎಲ್ಲ ಮನೆಗಿಂತ ದೊಡ್ಡದು. ಗೋಡೆ ಹನ್ನೆರಡರಿಂದ ಹದಿನೆಂಟು ಅಡಿ, ಮೇಲೆ ಮುಳ್ಳುತಂತಿ. ಫೋನ್ ಇಲ್ಲ, ಇಂಟರ್ನೆಟ್ ಇಲ್ಲ. ಅಕ್ಕಪಕ್ಕದವರು ಕಸವನ್ನು ಹೊರಗಿಟ್ಟರೆ ಇವರು ಒಳಗೇ ಸುಡುತ್ತಿದ್ದರು. ಇಷ್ಟೆಲ್ಲ ಇರೋದು ಎಲ್ಲಿ? ಕಾಕುಲ್‌ನ ಪಾಕಿಸ್ತಾನ ಮಿಲಿಟರಿ ಅಕಾಡೆಮಿಯಿಂದ ನಡೆದು ಹೋಗುವಷ್ಟು ದೂರದಲ್ಲಿ.

ನಮ್ಮ ಊರಲ್ಲಿ ಹೊಸ ನೆಂಟರು ಬಂದರೆ ಮರುದಿನ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಗೊತ್ತಾಗುತ್ತದೆ. ಅರ್ಧ ಲೀಟರ್ ಕಡಿಮೆ ಹಾಕಿದೆ ಅಂದ ಕೂಡಲೇ, "ಯಾರು ಬಂದದ್ದು?" ಅಂತ ಕೇಳುತ್ತಾರೆ. ಅಲ್ಲಿ ಐದಾರು ವರ್ಷ ಯಾರೂ ಕೇಳಲಿಲ್ಲ ಅಂದ್ರೆ ನಂಬೋದು ಕಷ್ಟ.

ಆದರೂ ಪಾಕಿಸ್ತಾನದ ದೊಡ್ಡವರಿಗೆ ಗೊತ್ತಿತ್ತು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇವತ್ತಿಗೂ ಹೊರಗೆ ಬಂದಿಲ್ಲ. ಅದನ್ನೂ ಹೇಳಬೇಕು.

ಕಾಳಿ ದಂಡೆ · 9:20

ಮಾಸ್ತರ ಗೆಳೆಯರ ಪಕ್ಷ ನನ್ನದು. ಲೆಕ್ಕ ಹಾಕಿ ನೋಡಿ. ಆಗ ಅಮೆರಿಕದ ಬೇಹು ಸಂಸ್ಥೆ ಸಿಐಎಯ ಮುಖ್ಯಸ್ಥರಾಗಿದ್ದ ಲಿಯಾನ್ ಪನೇಟಾ ಬಾಯಿಬಿಟ್ಟೇ ಹೇಳಿದರು, ಪಾಕಿಸ್ತಾನಕ್ಕೆ ತಿಳಿಸಿದರೆ ಒಳಗಿದ್ದವರಿಗೆ ಸುಳಿವು ಸಿಗಬಹುದು ಅಂತ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕ ಸೇನೆಯ ಅತ್ಯುನ್ನತ ಅಧಿಕಾರಿ ಅಡ್ಮಿರಲ್ ಮೈಕ್ ಮಲೆನ್ ತಮ್ಮ ಸೆನೆಟ್ ಮುಂದೆ, ಅಫ್ಘಾನಿಸ್ತಾನದಲ್ಲಿ ಅಮೆರಿಕದವರ ಮೇಲೆ ದಾಳಿ ಮಾಡುವ ಹಕ್ಕಾನಿ ಗುಂಪು ಪಾಕಿಸ್ತಾನದ ಬೇಹು ಸಂಸ್ಥೆ ಐಎಸ್‌ಐನ ಕೈ ಇದ್ದ ಹಾಗೆ ಅಂದರು. ಒಂದು ಕಡೆ ದುಡ್ಡು ಕೊಡೋದು, ಇನ್ನೊಂದು ಕಡೆ ಆ ದುಡ್ಡು ತಿಂದವರ ದೋಸ್ತರಿಂದ ಗುಂಡು ತಿನ್ನೋದು. ಇಂಥವನಿಗೆ ಬಾಗಿಲು ಬಡಿದು ಹೇಳಬೇಕಂತೆ!

ಮಾಸ್ತರು ಇಶೋಣ ಫ್ರೈ ದುಡ್ಡು ತೆಗೆದಿಡಲಿ.

ಕುಮಟಾ ಅಕ್ಕೋರು · 9:47

ನಾನು ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳು. ಸಣ್ಣದಾಗಿ ಬರೆಯೋಕೆ ಬರೋದಿಲ್ಲ, ಬೈಕೋಬೇಡಿ.

ನಾವು ಭಾರತದವರು ಈ ಕಥೆಯನ್ನು ಒಂದೇ ತುದಿಯಿಂದ ನೋಡುತ್ತೇವೆ. ಪಾಕಿಸ್ತಾನದ ತುದಿಯಿಂದ ಒಮ್ಮೆ ನೋಡಿ. 1954, 55ರಲ್ಲಿ ಅಮೆರಿಕದ ಎರಡು ಮಿಲಿಟರಿ ಕೂಟಕ್ಕೆ ಸೇರಿದರು, ಸಿಯಾಟೋ ಮತ್ತು ಸೆಂಟೋ. ಅವರಿಗೆ ಬೇಕಾದದ್ದು ಭಾರತದ ವಿರುದ್ಧ ಆಯುಧ. ಅಮೆರಿಕಕ್ಕೆ ಬೇಕಾದದ್ದು ರಷ್ಯಾದ ಕಡೆ ಕಣ್ಣಿಡಲು ಜಾಗ. ಮದುವೆಗೆ ಬಂದ ಎರಡು ಬೀಗರೂ ಬೇರೆ ಬೇರೆ ಹುಡುಗಿಯನ್ನು ನೋಡಿಕೊಂಡು ಹೋದ ಹಾಗೆ. 1965ರಲ್ಲಿ ಯುದ್ಧ ಆಯಿತು, ಅಮೆರಿಕ ಎರಡೂ ದೇಶಕ್ಕೆ ಆಯುಧ ನಿಲ್ಲಿಸಿತು. ನಮಗೆ ಅಷ್ಟೇನೂ ತಟ್ಟಲಿಲ್ಲ. ಅವರ ವಿಮಾನ, ಟ್ಯಾಂಕ್ ಎಲ್ಲ ಅಮೆರಿಕದ್ದೇ ಆಗಿತ್ತು. ಅಲ್ಲಿಂದ ಅವರ ಹೊಟ್ಟೆಯಲ್ಲಿ ಮುಳ್ಳು.

1980ರ ದಶಕದಲ್ಲಿ ಅಫ್ಘಾನಿಸ್ತಾನಕ್ಕೆ ರಷ್ಯಾ ಬಂದಾಗ ಮತ್ತೆ ಪ್ರೀತಿ. ರಷ್ಯಾದ ವಿರುದ್ಧ ಹೋರಾಡುವ ಅಫ್ಘಾನ್ ಗುಂಪುಗಳಿಗೆ ಸಿಐಎ ದುಡ್ಡು, ಬಂದೂಕು, 1986ರಿಂದ ಸ್ಟಿಂಗರ್ ಕ್ಷಿಪಣಿ. ಹಂಚೋದು ಮಾತ್ರ ಐಎಸ್‌ಐ. ಯಾವ ಗುಂಪಿಗೆ ಎಷ್ಟು ಅನ್ನೋದು ಅವರ ಮರ್ಜಿ. ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಾದರೇನು ಅಂತಾರಲ್ಲ, ಹಾಗೆ. ರಷ್ಯಾ ಹೋಯಿತು, 1990ಕ್ಕೆ ಅಣುಬಾಂಬಿನ ನೆಪದಲ್ಲಿ, ನೆರವು ನಿಲ್ಲಿಸುವ ಪ್ರೆಸ್ಲರ್ ಕಾನೂನು ಹಿಡಿದು ಅಮೆರಿಕ ಕೈ ತೊಳೆದುಕೊಂಡಿತು. ಪಾಕಿಸ್ತಾನ ದುಡ್ಡು ಕಟ್ಟಿದ್ದ 28 ಎಫ್-16 ವಿಮಾನ ತಯಾರಾಗಿ ಅರಿಝೋನಾದ ಮರುಭೂಮಿಯಲ್ಲಿ ವರ್ಷಗಟ್ಟಲೆ ನಿಂತವು. ವಿಮಾನವೂ ಇಲ್ಲ, ದುಡ್ಡೂ ಇಲ್ಲ. 1998ರಲ್ಲಿ ರಾಜಿಯಾಗಿ ಒಂದಷ್ಟು ನಗದು, ಒಂದಷ್ಟು ಗೋಧಿ ಗೀಧಿ ಕೊಟ್ಟು ಮುಗಿಸಿದರು.

ಬಾಂಬಿನ ಕೆಲಸ ನಡೆಯುತ್ತಿದ್ದದ್ದು ಅಮೆರಿಕಕ್ಕೆ ಮೊದಲು ಗೊತ್ತಿರಲಿಲ್ಲವಾ? ಗೊತ್ತಿತ್ತು. ರಷ್ಯಾ ಇರೋವರೆಗೆ ಕಣ್ಣು ಮುಚ್ಚಿಕೊಂಡಿದ್ದರು.

ಹೊನ್ನಾವರ ಎಕ್ಸ್‌ಪ್ರೆಸ್ · 9:50

ಅಕ್ಕೋರೇ ಯು-2 ಬಿಟ್ಟಿರಿ! 1960ರಲ್ಲಿ ಲಾಹೋರಿನಿಂದ ಹಾರಿದ ಅಮೆರಿಕದ ಬೇಹು ವಿಮಾನವನ್ನು ರಷ್ಯಾ ಹೊಡೆದು ಉರುಳಿಸಿತು.

ಹಳೇ ನೌಕಾದಳ · 9:58

ಲಾಹೋರ್ ಅಲ್ಲ, ಪೇಶಾವರ. 1960ರ ಮೇ 1. ಪೈಲಟ್ ಗ್ಯಾರಿ ಪವರ್ಸ್ ಜೀವಂತ ಸಿಕ್ಕ. ಕ್ರುಶ್ಚೇವ್ ಸಿಟ್ಟಿನಲ್ಲಿ, ನಕ್ಷೆಯಲ್ಲಿ ಪೇಶಾವರದ ಸುತ್ತ ಕೆಂಪು ಗೆರೆ ಎಳೆದಿದ್ದೇವೆ ಅಂದ. ಹಾರಿಸಿದವರು ಅಮೆರಿಕದವರು, ಗುರಿ ಇಟ್ಟದ್ದು ಪಾಕಿಸ್ತಾನದ ಊರಿಗೆ.

ಹೊನ್ನಾವರ ಎಕ್ಸ್‌ಪ್ರೆಸ್ · 9:59

ಅದೇ ಅದೇ. ಪ ಅಕ್ಷರ ನೆನಪಿತ್ತು, ಬೆರಳು ಲ ಒತ್ತಿತು.

ಅಂಕೋಲಾ ಟು ಬೆಂಗಳೂರು · ರಾತ್ರಿ 10:30

ಪಾಕಿಸ್ತಾನ ಬಿಡಿ, ಅದು ಮೊದಲಿಂದಲೂ ಹಾಗೇ. ಪಕ್ಕಾ ಗೆಳೆಯರು ಏನು ಮಾಡ್ತಾರೆ ನೋಡಿ. 2013ರಲ್ಲಿ ಅಮೆರಿಕದ ಬೇಹು ಇಲಾಖೆಗೆ ಕೆಲಸ ಮಾಡಿದ್ದ ಸ್ನೋಡೆನ್ ಬಯಲು ಮಾಡಿದ ದಾಖಲೆ ಹೊರಗೆ ಬಿದ್ದ ಮೇಲೆ, ಆಗ ಜರ್ಮನಿಯ ಚಾನ್ಸಲರ್ ಆಗಿದ್ದ ಏಂಜೆಲಾ ಮರ್ಕೆಲ್ ಅವರ ಮೊಬೈಲನ್ನೇ ಅಮೆರಿಕ ಕದ್ದು ಕೇಳುತ್ತಿತ್ತು ಅನ್ನೋ ಸುದ್ದಿ ಬಂತು. ಗೆಳೆಯರ ನಡುವೆ ಕದ್ದು ಕೇಳೋದು ಸಲ್ಲದು ಅಂತ ಆಕೆ ಸಿಟ್ಟಾದರು. ಆಮೇಲೆ ನೋಡಿದರೆ ಜರ್ಮನಿಯ ಬೇಹು ಸಂಸ್ಥೆ ಬಿಎನ್‌ಡಿಯೂ ಮಿತ್ರದೇಶಗಳ ಮೇಲೆ ಕಿವಿ ಇಟ್ಟಿತ್ತು ಅಂತ ಅವರ ಪತ್ರಿಕೆಗಳೇ ಬರೆದವು.

ಇಸ್ರೇಲ್ ಇನ್ನೊಂದು. ಅಮೆರಿಕದಿಂದ ಅಷ್ಟು ದುಡ್ಡು ಪಡೆಯುವ ದೇಶ. ಅಮೆರಿಕದ ನೌಕಾದಳದ ಗುಪ್ತಚರ ವಿಭಾಗದಲ್ಲಿದ್ದ ಜೋನಾಥನ್ ಪೊಲಾರ್ಡ್ ಸೂಟ್‌ಕೇಸು ತುಂಬ ದಾಖಲೆ ಇಸ್ರೇಲಿಗೆ ಸಾಗಿಸಿ 1985ರಲ್ಲಿ ಸಿಕ್ಕಿಬಿದ್ದ. ಇಸ್ರೇಲಿನ ರಾಯಭಾರ ಕಚೇರಿಯ ಗೇಟಿನೊಳಗೆ ಕಾರು ತಂದ, ಅವರು ಹೊರಗೆ ಹಾಕಿದರು. ಮೂವತ್ತು ವರ್ಷ ಜೈಲು. ಮೊದಲು ಅವನು ನಮ್ಮವನಲ್ಲ ಅಂದವರು 1998ರಲ್ಲಿ ನಮ್ಮವನೇ ಅಂತ ಒಪ್ಪಿಕೊಂಡರು.

ನಾನು ಎಲೆಕ್ಟ್ರಾನಿಕ್ಸ್ ಓದಿದವನು, ನನ್ನ ಅಚ್ಚುಮೆಚ್ಚಿನದ್ದು ಬೇರೆ. 1945ರಲ್ಲಿ ರಷ್ಯಾ, ಅಮೆರಿಕ ಒಟ್ಟಿಗೆ ಹಿಟ್ಲರನನ್ನು ಸೋಲಿಸಿದ ವರ್ಷ. ರಷ್ಯಾದ ಶಾಲಾ ಮಕ್ಕಳು ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಮಾಸ್ಕೋದ ಅಮೆರಿಕ ರಾಯಭಾರಿಗೆ ಉಡುಗೊರೆ ಕೊಟ್ಟರು. ಅವರು ಖುಷಿಯಿಂದ ಮನೆಯ ಓದುವ ಕೋಣೆಯಲ್ಲಿ ತೂಗುಹಾಕಿದರು. ಒಳಗೊಂದು ಕಿವಿ ಇತ್ತು. ಬ್ಯಾಟರಿ ಇಲ್ಲ, ಕರೆಂಟಿನ ತಂತಿ ಇಲ್ಲ. ತೆಳ್ಳನೆಯ ಪೊರೆ, ಪುಟ್ಟ ಡಬ್ಬಿ, ಒಂದು ಕಡ್ಡಿಯಂಥ ಆಂಟೆನಾ, ಅಷ್ಟೇ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ಮಾತಿಗೆ ಪೊರೆ ನಡುಗಿ, ವಾಪಸ್ ಹೋಗುವ ಅಲೆಯಲ್ಲಿ ಮಾತು ಕೂತು ಹೋಗುತ್ತಿತ್ತು. ಅಲೆ ನಿಲ್ಲಿಸಿದರೆ ಸತ್ತ ಮರದ ತುಂಡು. ಹಾಗಾಗಿ ಹುಡುಕಿದರೂ ಸಿಗಲಿಲ್ಲ. ಏಳು ವರ್ಷ ಗೋಡೆಯ ಮೇಲಿತ್ತು. ಮಾಡಿದವರು ಲಿಯಾನ್ ಥೆರೆಮಿನ್, ಕೈ ತಾಗಿಸದೆ ಬಾರಿಸುವ ಸಂಗೀತ ವಾದ್ಯ ಕಂಡುಹಿಡಿದ ಅದೇ ಮನುಷ್ಯ.

ಬೈತಖೋಲ್ ಬಂಗಡೆ · 10:36

ನಮ್ಮ ಮನೆಯಲ್ಲೂ ಮದುವೆಗೆ ಬಂದ ಒಂದು ಗೋಡೆ ಗಡಿಯಾರ ಇದೆ. ನಾಳೆ ಬಿಚ್ಚಿ ನೋಡ್ತೇನೆ.

ಶಿರಸಿ ಕವಳ · 10:44

ಇದಕ್ಕೆಲ್ಲ ಅಮೆರಿಕಕ್ಕೆ ಯಾಕೆ ಹೋಗ್ತೀರಿ? 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ಚಾರರನ್ನು ಎಲ್ಲೆಲ್ಲಿ ಬಿಡಬೇಕು ಅನ್ನೋ ಕಡೆ "ಶತ್ರೌ ಚ ಮಿತ್ರೇ ಚ" ಅಂತ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ನಡುವೆ ಒಂದು ಉಸಿರಿನ ಅಂತರವನ್ನೂ ಬಿಡಲಿಲ್ಲ ಪುಣ್ಯಾತ್ಮ.

ಮತ್ತೆ, ತಾಳಮದ್ದಲೆ ಕೇಳಿದವರಿಗೆ ಶಲ್ಯ ಗೊತ್ತಲ್ಲ. ಪಾಂಡವರ ಮಾವ. ದಾರಿಯಲ್ಲಿ ಕೌರವ ಮಾಡಿಸಿದ ಊಟ ಉಂಡು, ಇದು ಧರ್ಮರಾಯನ ಏರ್ಪಾಡು ಅಂದುಕೊಂಡು ಮಾತು ಕೊಟ್ಟು ಸಿಕ್ಕಿಬಿದ್ದ. ಕರ್ಣನ ರಥ ಹೊಡೆಯುತ್ತ ಕರ್ಣನನ್ನೇ ಚುಚ್ಚುತ್ತ ಹೋದ. ಪಾಕಿಸ್ತಾನ ಅಂದ್ರೆ ಅಮೆರಿಕಕ್ಕೆ ಸಿಕ್ಕಿದ ಶಲ್ಯ ಸಾರಥಿ.

ಕಾಳಿ ದಂಡೆ · 10:51

ಶಲ್ಯನಿಗೆ ಅವಮಾನ ಮಾಡಬೇಡಿ ಭಟ್ರೇ. ಲೆಕ್ಕ ಹಾಕಿ ನೋಡಿ, ಶಲ್ಯ ಬೈದದ್ದು ಎದುರಿಗೇ. ತೊಟ್ಟ ಬಾಣ ಬದಲಿಸು ಅಂದ. ಕರ್ಣ ಒಪ್ಪಲಿಲ್ಲ. ನಮ್ಮ ಕಡೆಯ ಪ್ರಸಂಗದಲ್ಲಿ ಎಲ್ಲರ ಮುಂದೆ ರಥ ಇಳಿದು ನಡೆದುಬಿಟ್ಟ. ಅವನು ಮುಚ್ಚಿಟ್ಟದ್ದು ಏನಿದೆ?

ಶಿರಸಿ ಕವಳ · 10:55

ನಾನು ಹೆಗಡೆ, ಭಟ್ಟ ಅಲ್ಲ. ಉಳಿದದ್ದಕ್ಕೆ ನಾಳೆ ಉತ್ತರ. ಚಾಲಿ ಅಡಿಕೆ ಸುಲಿಯೋಕೆ ಜನ ಬರ್ತಾರೆ, ಬೆಳಿಗ್ಗೆ ಏಳಬೇಕು.

ಕೋಡಿಬಾಗ ಮಾಸ್ತರ್ · ಸೋಮವಾರ ಬೆಳಿಗ್ಗೆ 6:30

ಎಲ್ಲ ಓದಿದೆ. ಆದರೆ ಎಲ್ಲರೂ ಮಾಡ್ತಾರೆ ಅನ್ನೋದು ಉತ್ತರ ಆಯಿತಾ? ಪರೀಕ್ಷೆಯಲ್ಲಿ ಕಾಪಿ ಹೊಡೆದವನೂ ನನಗೆ ಅದನ್ನೇ ಹೇಳುತ್ತಿದ್ದ.

ಹಳೇ ನೌಕಾದಳ · 7:15

ಮಾಸ್ತರೇ, ನಾನು ಇಪ್ಪತ್ತು ವರ್ಷ ಸಮುದ್ರದಲ್ಲಿದ್ದವನು. ಇಲ್ಲಿಯ ನೌಕಾನೆಲೆಯ ಬಗ್ಗೆ ಏನೂ ಬರೆಯೋದಿಲ್ಲ, ಯಾರೂ ಕೇಳಬೇಡಿ. ಬೇರೆಯದನ್ನು ಹೇಳ್ತೇನೆ.

ನಾವು ಬರೀ ಪ್ರೇಕ್ಷಕರಲ್ಲ. 1965ರಲ್ಲಿ ಚೀನಾದ ಅಣು ಪರೀಕ್ಷೆಯ ಮೇಲೆ ಕಣ್ಣಿಡಲು ಸಿಐಎ ಮತ್ತು ನಮ್ಮ ಗುಪ್ತಚರ ಸಂಸ್ಥೆ ಐಬಿ ಸೇರಿ ನಂದಾದೇವಿಯ ತುದಿಗೆ ಒಂದು ಯಂತ್ರ ಸಾಗಿಸಲು ಹೊರಟರು. ಅದಕ್ಕೆ ಶಕ್ತಿ ಕೊಡೋದು ಪ್ಲುಟೋನಿಯಂ. ಹಿಮಗಾಳಿ ಎದ್ದಿತು. ನಮ್ಮ ಕ್ಯಾಪ್ಟನ್ ಎಂ.ಎಸ್. ಕೊಹ್ಲಿ ಜನರ ಜೀವ ಮುಖ್ಯ ಅಂತ ಯಂತ್ರವನ್ನು ಅಲ್ಲೇ ಕಟ್ಟಿಟ್ಟು ಇಳಿಸಿದರು. ಮರುವರ್ಷ ಹೋದರೆ ಯಂತ್ರ ಇಲ್ಲ. ಇವತ್ತಿಗೂ ಸಿಕ್ಕಿಲ್ಲ. ದೇಶಕ್ಕೆ ಈ ವಿಷಯ ಗೊತ್ತಾದದ್ದು 1978ರಲ್ಲಿ, ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಹೇಳಿದ ಮೇಲೆ. ಅಷ್ಟು ಒಟ್ಟಿಗೆ ಕೆಲಸ ಮಾಡಿದ ಅದೇ ಅಮೆರಿಕ 1971ರ ಬಾಂಗ್ಲಾ ಯುದ್ಧದಲ್ಲಿ ನಮ್ಮನ್ನು ಹೆದರಿಸಲು ಎಂಟರ್‌ಪ್ರೈಸ್ ಹಡಗನ್ನು ಬಂಗಾಳ ಕೊಲ್ಲಿಗೆ ತಂದಿತು.

1995ರಲ್ಲಿ ಪೋಖ್ರಾನಿನ ಅಣು ಪರೀಕ್ಷೆಯ ಸಿದ್ಧತೆ ಅವರ ಉಪಗ್ರಹಕ್ಕೆ ಕಂಡಿತು, ನರಸಿಂಹರಾಯರು ಕೈಬಿಡಬೇಕಾಯಿತು. 1998ರಲ್ಲಿ ನಮ್ಮವರು ಪಾಠ ಕಲಿತಿದ್ದರು. ಕೆಲಸ ಎಲ್ಲ ರಾತ್ರಿ. ಬೆಳಗಾಗುವ ಮೊದಲು ಯಂತ್ರಗಳು ಇದ್ದ ಜಾಗಕ್ಕೇ ವಾಪಸ್. ವಿಜ್ಞಾನಿಗಳಿಗೆ ಮಿಲಿಟರಿ ಬಟ್ಟೆ. ಮೇ 11ಕ್ಕೆ ಸಿಡಿದ ಮೇಲೆ ಅಮೆರಿಕಕ್ಕೆ ಗೊತ್ತಾಯಿತು. ಆಗ ನಾವು ಅವರಿಗೆ ಹೇಳದೆ ಇದ್ದದ್ದು ತಪ್ಪು ಅಂತ ಇಲ್ಲಿ ಯಾರಾದರೂ ಹೇಳ್ತೀರಾ?

ಇನ್ನೊಂದು ಕಹಿ. 2004ರಲ್ಲಿ ನಮ್ಮ ಬೇಹು ಸಂಸ್ಥೆ 'ರಾ'ದ ಜಂಟಿ ಕಾರ್ಯದರ್ಶಿ ರಬೀಂದರ್ ಸಿಂಗ್ ನೇಪಾಳದ ಮೂಲಕ ಅಮೆರಿಕಕ್ಕೆ ಓಡಿಹೋದ. ಸಿಐಎಗೆ ಮಾಹಿತಿ ಕೊಡುತ್ತಿದ್ದ ಅನ್ನೋ ಅನುಮಾನದಲ್ಲಿ ನಮ್ಮವರು ಅವನ ಮೇಲೆ ಕಣ್ಣಿಟ್ಟಿದ್ದಾಗಲೇ ಹೋದ. ಆ ವರ್ಷಗಳಲ್ಲೇ ಎರಡೂ ದೇಶ ಹತ್ತಿರವಾಗುತ್ತಿದ್ದವು. ಒಂದು ವರ್ಷದ ನಂತರ ಅಣು ಒಪ್ಪಂದದ ಮಾತೂ ಬಂತು. ಎರಡೂ ಒಟ್ಟೊಟ್ಟಿಗೆ ನಡೆಯಿತು.

ಬಿಣಗಾ ಹುಡುಗ · 7:40

ಸರ್ ಹೇಳಿದ್ದು ಸರಿ. ನಮ್ಮ ಕಡೆ ಈಗ ಅಪರಿಚಿತ ಹುಡುಗಿಯ ಫ್ರೆಂಡ್ ರಿಕ್ವೆಸ್ಟ್ ಬಂದರೆ ಅಮ್ಮನೇ ಹೆದರುತ್ತಾಳೆ. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಎನ್‌ಐಎ ನಮ್ಮ ಜಿಲ್ಲೆಯಿಂದಲೇ ಇಬ್ಬರನ್ನು ಹಿಡಿಯಿತಲ್ಲ. ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಕಡೆಗೆ ದಾಟಿಸಿದ ಆರೋಪ. ಫೇಸ್‌ಬುಕ್ ಗೆಳೆತನ, ಸ್ವಲ್ಪ ದುಡ್ಡು. ಮರುವಾರ ನಮ್ಮ ಕ್ರಿಕೆಟ್ ತಂಡದ ವಾಟ್ಸಾಪ್ ಗುಂಪಿನಲ್ಲಿ ಸಮುದ್ರದ ಹಳೇ ಫೋಟೋ ಎಲ್ಲ ಒಬ್ಬೊಬ್ಬರೇ ಅಳಿಸಿದರು. ಹಿಂದೆ ಹಡಗು ಇದೆಯೋ ಬಂಡೆ ಇದೆಯೋ ಅಂತ ಝೂಮ್ ಮಾಡಿ ನೋಡಿ ನೋಡಿ.

ನಿರ್ವಾಹಕ · 7:52

ನೆಲೆಯ ಬಗ್ಗೆ ಇಷ್ಟು ಸಾಕು. ಎಷ್ಟು ಹಡಗು, ಎಲ್ಲಿ ನಿಲ್ಲುತ್ತವೆ ಅಂತ ಬರೆದ ಎರಡು ಉತ್ತರ ಅಳಿಸಿದ್ದೇನೆ. ಹೊಗಳೋಕೆ ಬರೆದಿದ್ದರೂ ಬೇಡ. ರಾಜಕೀಯ ಪಕ್ಷ ಎಳೆದು ತಂದ ಮೂರು ಉತ್ತರವೂ ಹೋಗಿದೆ.

ಹೊನ್ನಾವರ ಎಕ್ಸ್‌ಪ್ರೆಸ್ · 8:05

ಒಂದು ನಂದಾ? ನಾನು ಬರೀ ಪೋಲಿಯೋ ಡಾಕ್ಟರ್ ಬಗ್ಗೆ ಬರೆದಿದ್ದೆ. ಬಿನ್ ಲಾಡೆನ್ ಮನೆಗೆ ಪೋಲಿಯೋ ಹನಿ ಹಾಕೋ ನೆಪದಲ್ಲಿ ಹೋದನಲ್ಲ ಅವನು.

ಕುಮಟಾ ಅಕ್ಕೋರು · 8:48

ಪೋಲಿಯೋ ಅಲ್ಲ ತಮ್ಮಾ, ಹೆಪಟೈಟಿಸ್ ಬಿ ಚುಚ್ಚುಮದ್ದು. ಈ ತಪ್ಪು ಸಣ್ಣದಲ್ಲ, ಅಲ್ಲಿ ಜನ ಸತ್ತದ್ದೇ ಈ ಗೊಂದಲಕ್ಕೆ. ಸ್ವಲ್ಪ ಹೇಳ್ತೇನೆ.

ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ನಾನು ಅಂಗನವಾಡಿಯವರ ಜೊತೆ ಕೇರಿ ಕೇರಿ ತಿರುಗಿದ್ದೇನೆ. ಹೆಗಲಿಗೆ ನೀಲಿ ಡಬ್ಬಿ, ಒಳಗೆ ಮಂಜುಗಡ್ಡೆಯ ಪೊಟ್ಟಣ, ನಡುವೆ ಬೆರಳುದ್ದದ ಸೀಸೆ. ಮಗುವಿನ ಕೆನ್ನೆ ಒತ್ತಿದರೆ ಬಾಯಿ ತೆರೆಯುತ್ತದೆ, ಎರಡು ಹನಿ. ಎಡಗೈ ಕಿರುಬೆರಳಿಗೆ ಮಸಿ. ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು. ಮಗು ಮನೆಯಲ್ಲಿಲ್ಲದಿದ್ದರೆ ಬೇರೆ ಗುರುತು, ಮರುದಿನ ಮತ್ತೆ ಹೋಗಬೇಕು. ಕಡಲ ಬದಿಯ ಒಂದು ಕೇರಿಯಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಮದ್ದು ಬೇಡ ಅಂತ. ಮೂರು ವರ್ಷ ಹಟ ಹಿಡಿದಳು. ನಾಲ್ಕನೇ ವರ್ಷ, "ಅಕ್ಕೋರು ಅಲ್ವಾ, ನನ್ನ ಮಗಳಿಗೆ ಪಾಠ ಹೇಳಿದವರು" ಅಂತ ಬಿಟ್ಟಳು. ಅವಳು ಒಪ್ಪಿದ್ದು ಮದ್ದು ನೋಡಿ ಅಲ್ಲ, ನನ್ನ ಮುಖ ನೋಡಿ.

ಈಗ ಅಬೋಟಾಬಾದಿಗೆ ಬನ್ನಿ. ಡಾಕ್ಟರ್ ಶಕೀಲ್ ಅಫ್ರೀದಿ ಸಿಐಎ ಹೇಳಿದ ಹಾಗೆ ಚುಚ್ಚುಮದ್ದಿನ ಅಭಿಯಾನ ನಡೆಸಿದ. ಆ ಮನೆಯ ಮಕ್ಕಳ ಡಿಎನ್‌ಎ ಸಿಕ್ಕಿದರೆ ಒಳಗಿರೋದು ಬಿನ್ ಲಾಡೆನ್ ಅಂತ ಖಚಿತವಾಗಬಹುದು ಅನ್ನೋ ಆಸೆ. ಸಿಐಎ ಕೆಲಸ ಮುಗಿಸಿ ಹೋಯಿತು, ಡಾಕ್ಟರ್ ಅಲ್ಲೇ ಉಳಿದ. 2012ರಲ್ಲಿ 33 ವರ್ಷ ಜೈಲು. ಅದೂ ಸಿಐಎ ಕೆಲಸಕ್ಕೆ ಅಂತ ಅಲ್ಲ, ಒಂದು ಉಗ್ರ ಗುಂಪಿನ ನಂಟು ಅಂತ ಬರೆದು. ವಜೀರಿಸ್ತಾನದ ಉಗ್ರರು ಆಗಲೇ ಪೋಲಿಯೋ ಹನಿಗೆ ನಿಷೇಧ ಹಾಕಿದರು. ಅದೇ ಡಿಸೆಂಬರಿನಲ್ಲಿ ಕರಾಚಿ, ಪೇಶಾವರದ ಕಡೆ ಹನಿ ಹಾಕಲು ಹೋದ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. ನನ್ನ ಹಾಗೆ ಡಬ್ಬಿ ಹೊತ್ತವರು. ಆಮೇಲೆ, 2014ರಲ್ಲಿ ಶ್ವೇತಭವನದವರು ಇನ್ನು ಮುಂದೆ ಲಸಿಕೆಯ ನೆಪದಲ್ಲಿ ಬೇಹುಗಾರಿಕೆ ಮಾಡೋದಿಲ್ಲ ಅಂದರು. ನಮ್ಮ ದೇಶ ಪೋಲಿಯೋ ಮುಕ್ತ ಅಂತ ಘೋಷಣೆ ಆದದ್ದೂ ಅದೇ 2014ರಲ್ಲಿ. ಅಲ್ಲಿ ಇನ್ನೂ ಹೋಗಿಲ್ಲ.

ಮಾಸ್ತರೇ, ನಿಮ್ಮ ಪಂಥದಲ್ಲಿ ನನ್ನ ಮತ ಯಾರಿಗೂ ಇಲ್ಲ.

ಬಿಣಗಾ ಹುಡುಗ · 8:55

ಅಕ್ಕೋರೇ, ಇದು ಗೊತ್ತೇ ಇರಲಿಲ್ಲ.

ಕಾಳಿ ದಂಡೆ · 9:10

ಲಸಿಕೆ ವಿಷಯದಲ್ಲಿ ಒಪ್ಪಿದೆ. ಅದು ಹೊಲಸು ಕೆಲಸ.

ಉಳಿದದ್ದರಲ್ಲಿ ಒಪ್ಪೋದಿಲ್ಲ. ಲೆಕ್ಕ ಹಾಕಿ ನೋಡಿ, ಪಾಕಿಸ್ತಾನಕ್ಕೆ ಕೋಪ ಬಂದಾಗಲೆಲ್ಲ ಏನು ಮಾಡಿತು? 2011ರ ಜನವರಿಯಲ್ಲಿ ಲಾಹೋರಿನ ನಡುಬೀದಿಯಲ್ಲಿ ರೇಮಂಡ್ ಡೇವಿಸ್ ಅನ್ನೋ ಅಮೆರಿಕದವನು ಇಬ್ಬರನ್ನು ಗುಂಡಿಟ್ಟು ಕೊಂದ. ಅವನನ್ನು ಬಿಡಿಸಲು ಬಂದ ಗಾಡಿ ಇನ್ನೊಬ್ಬನ ಮೇಲೆ ಹರಿಯಿತು. ಅಮೆರಿಕ, ನಮ್ಮ ರಾಜತಾಂತ್ರಿಕ ಅಂದಿತು. ನೋಡಿದರೆ ಸಿಐಎ ಗುತ್ತಿಗೆಯವನು. ದೇಶಕ್ಕೆ ದೇಶವೇ ಬೀದಿಗೆ ಬಂತು. ಮಾರ್ಚ್ 16ಕ್ಕೆ ಸತ್ತವರ ಮನೆಯವರಿಗೆ ರಕ್ತದ ದುಡ್ಡು ಕೊಟ್ಟು ಬಿಡುಗಡೆ. ಯಾರು ವ್ಯವಸ್ಥೆ ಮಾಡಿದ್ದು? ಪಾಕಿಸ್ತಾನದವರೇ, ಒಳಗೊಳಗೆ. ನವೆಂಬರಿನಲ್ಲಿ ಅಫ್ಘಾನ್ ಗಡಿಯ ಸಲಾಲಾದಲ್ಲಿ ನ್ಯಾಟೋ ವಿಮಾನದಿಂದ 24 ಪಾಕಿಸ್ತಾನಿ ಸೈನಿಕರು ಸತ್ತರು. ಅಫ್ಘಾನಿಸ್ತಾನಕ್ಕೆ ನ್ಯಾಟೋ ಸರಕು ಹೋಗುವ ರಸ್ತೆ ಮುಚ್ಚಿದರು, ಏಳು ತಿಂಗಳು. ಆಮೇಲೆ ಮತ್ತೆ ಲಾರಿ ಓಡಿತು. ಬೀದಿಯಲ್ಲಿ ಕೂಗಾಟ, ಕೋಣೆಯಲ್ಲಿ ಕೈ ಕುಲುಕಾಟ. ಇಂಥವರಿಗೆ ಮಾಸ್ತರು ನಂಬಿಕೆಯ ಪಾಠ ಹೇಳ್ತಾರೆ.

ಕೋಡಿಬಾಗ ಮಾಸ್ತರ್ · 9:15

ಡೇವಿಸ್ ಕಥೆ ನನ್ನ ಪಕ್ಷಕ್ಕೇ ಬಂತಲ್ಲ! ಗೆಳೆಯನ ಊರಿನಲ್ಲಿ ಪಿಸ್ತೂಲು ಹಿಡಿದು ತಿರುಗಿದ್ದು ಯಾರು? ಅವನು ಬಿಡುಗಡೆಯಾದ ಮರುದಿನವೇ ವಜೀರಿಸ್ತಾನದ ದತ್ತಾ ಖೇಲ್‌ನಲ್ಲಿ ಅಮೆರಿಕದ ಡ್ರೋನ್ ಬಾಂಬು ಬಿತ್ತು. ನಲವತ್ತಕ್ಕೂ ಜಾಸ್ತಿ ಜನ ಸತ್ತರು. ಅದನ್ನು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ?

ಬೈತಖೋಲ್ ಬಂಗಡೆ · ಮಧ್ಯಾಹ್ನ 1:30

ನಮ್ಮ ಬೋಟಿನ ಕಥೆ ಹೇಳ್ತೇನೆ, ಇದೂ ಅದೇ.

ನಮ್ಮದೂ ನನ್ನ ಭಾವನದೂ ಎರಡು ಬೋಟ್. ದಡದಲ್ಲಿ ಒಂದೇ ಮನೆ. ಬಲೆ ಹರಿದರೆ ಅವನ ಜನ ಬಂದು ಹೊಲಿಯುತ್ತಾರೆ, ಇಂಜಿನ್ ಕೆಟ್ಟರೆ ಎಳೆದು ತರುತ್ತಾನೆ. ಮೀನು ಸಿಕ್ಕಿದ ಜಾಗ ಮಾತ್ರ ಹೇಳೋದಿಲ್ಲ. ವೈರ್‌ಲೆಸ್‌ನಲ್ಲಿ ಕೇಳಿದರೆ, "ಏನಿಲ್ಲ ಮಾರಾಯಾ, ಬರೀ ಜೆಲ್ಲಿ ಮೀನು" ಅಂತಾನೆ. ಆದರೆ ಬೋಟ್ ನಡೆಸುವ ಅವನ ತಾಂಡೇಲನ ದನಿ ಕೇಳಿದರೆ ಗೊತ್ತಾಗುತ್ತದೆ. ಬಲೆ ಖಾಲಿ ಇದ್ದಾಗ ಬೈಗುಳ ಜಾಸ್ತಿ. ಮೀನು ಬಿದ್ದಾಗ ಸುಮ್ಮನಾಗ್ತಾನೆ. ವೈರ್‌ಲೆಸ್ ಸುಮ್ಮನಾದ ಕೂಡಲೇ ನಮ್ಮವರು ಆ ಕಡೆ ತಿರುಗಿಸ್ತಾರೆ.

ಒಂದು ಸಲ ನಮ್ಮ ಖಲಾಸಿ ಹುಡುಗನನ್ನು ಎರಡು ದಿನಕ್ಕೆ ಅವನ ಬೋಟಿಗೆ ಕಳಿಸಿದೆವು, ಜನ ಕಡಿಮೆ ಇದ್ದಾರೆ ಅಂದಿದ್ದ. ಹುಡುಗ ಬರುವಾಗ ಜಿಪಿಎಸ್‌ನ ನಾಲ್ಕು ನಂಬರ್ ಬೀಡಿ ಕಟ್ಟಿನ ಮೇಲೆ ಬರೆದು ತಂದ. ಖುಷಿಯಿಂದ ಹೋದೆವು. ಕಲ್ಲು. ಬಲೆ ಅರ್ಧ ಹೋಯಿತು. ಹುಡುಗ ಬರೆದುಕೊಳ್ಳೋದನ್ನು ನೋಡಿ ಭಾವ ಬೇಕಂತಲೇ ಕಲ್ಲಿನ ನಂಬರ್ ಹಾಕಿಟ್ಟಿದ್ದ. ಮರುದಿನ ಅವನ ಜನವೇ ಬಂದು ಬಲೆ ಹೊಲಿದರು. ಚಹಾ ಕೊಟ್ಟೆವು. ಇಬ್ಬರೂ ಏನೂ ಹೇಳಲಿಲ್ಲ.

ಹುಡುಗನಿಗೆ ಮಾತ್ರ ಎರಡೂ ಕಡೆ ಬೈಗುಳ.

ಶಿರಸಿ ಕವಳ · 2:10

ಬಂಗಡೆಯವರೇ, ನೀವು ಇಲ್ಲಿಯವರೆಗಿನ ಎಲ್ಲ ವಾದವನ್ನೂ ನುಂಗಿ ಹಾಕಿದಿರಿ.

ಶಲ್ಯನ ಉತ್ತರ ಬಾಕಿ ಇತ್ತು, ಬಿಡ್ತೇನೆ. ಬದಲಿಗೆ ನಮ್ಮ ಸೋದೆ ಅರಸರ ಕಥೆ ಕೇಳಿ. ನಿಮ್ಮ ಸದಾಶಿವಗಡದ ಕೋಟೆ ಕಟ್ಟಿದ ಅದೇ ಮನೆತನ. ಗೋವಾದ ಪೋರ್ಚುಗೀಸರ ಜೊತೆ ಒಂದು ವರ್ಷ ಒಪ್ಪಂದ, ಇನ್ನೊಂದು ವರ್ಷ ಜಗಳ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದು ಈ ಕಡೆ ತಿರುಗಿದ. ಸೋದೆಯ ಅರಸ ಇಮ್ಮಡಿ ಸದಾಶಿವ ಪರಿವಾರದ ಸಮೇತ ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಸರೆ ಪಡೆದ. ಫೋಂಡಾ, ಕಾಣಕೋಣದ ಕಡೆಯ ಅವನ ಸೀಮೆಯನ್ನು ಹೈದರನ ಕೈಗೆ ಬೀಳದ ಹಾಗೆ ಅವರು ಹಿಡಿದುಕೊಂಡರು. ಹಿಡಿದುಕೊಂಡವರು ಬಿಡಲೇ ಇಲ್ಲ. ಅರಸನಿಗೆ ಪಿಂಚಣಿ, ಬಾಂದಿವಡೆಯಲ್ಲಿ ಒಂದು ಮನೆ. ಇವತ್ತು ಮಾಜಾಳಿ ಚೆಕ್‌ಪೋಸ್ಟ್ ದಾಟಿದ ಕೂಡಲೇ ಗೋವಾ ಶುರುವಾಗುತ್ತದಲ್ಲ, ಕಾಣಕೋಣ, ಅದು ಆಗ ಆಸರೆ ಕೊಟ್ಟ ಗೆಳೆಯ ಇಟ್ಟುಕೊಂಡದ್ದು.

ಹೊನ್ನಾವರ ಎಕ್ಸ್‌ಪ್ರೆಸ್ · 2:14

ಅಂದ್ರೆ ಕಾಣಕೋಣ ನಮ್ಮದು! ಪೆಟ್ರೋಲ್ ರೇಟೂ ನಮಗೆ ಬರಬೇಕು!

ಅಂಕೋಲಾ ಟು ಬೆಂಗಳೂರು · 2:20

ಪೆಟ್ರೋಲ್ ಅಂತ ಹೇಳಿ ನೀವು ಏನು ತರೋಕೆ ಹೋಗ್ತೀರಿ ಅಂತ ಎಲ್ಲರಿಗೂ ಗೊತ್ತು.

ನಿರ್ವಾಹಕ · 2:22

ವಿಷಯಕ್ಕೆ ಬನ್ನಿ.

ಕುಮಟಾ ಅಕ್ಕೋರು · ಸಂಜೆ 5:05

ವಿಷಯಕ್ಕೇ ಬರ್ತೇನೆ. ಕಾಳಿ ದಂಡೆಯವರಿಗೆ ಒಂದು ಪ್ರಶ್ನೆ. ಮಾಸ್ತರು ಸೋತವರು ಊಟ ಹಾಕಿಸಬೇಕು ಅಂತ ಮಾತ್ರ ಬರೆದಿದ್ದಾರೆ. ಇಶೋಣ ಫ್ರೈ ಅಂತ ನಿಮಗೆ ಹೇಗೆ ಗೊತ್ತಾಯಿತು?

ಬೈತಖೋಲ್ ಬಂಗಡೆ · 5:07

ಅಯ್ಯಯ್ಯೋ.

ಕಾಳಿ ದಂಡೆ · 5:15

ಊಹೆ ಅಕ್ಕೋರೇ. ಕಾರವಾರದಲ್ಲಿ ಪಂಥ ಅಂದ್ರೆ ಇಶೋಣ. ಬೇರೆ ಏನಿರುತ್ತದೆ?

ಬಿಣಗಾ ಹುಡುಗ · 5:16

ಗಡ್ಡ ಪೂರ್ತಿ ಆಯಿತಾ ಸರ್?

ಕೋಡಿಬಾಗ ಮಾಸ್ತರ್ · 5:40

ಅಕ್ಕೋರೇ, ನನಗೆ ನಿನ್ನೆ 9:20ಕ್ಕೇ ಗೊತ್ತಾಗಿತ್ತು. "ಲೆಕ್ಕ ಹಾಕಿ ನೋಡಿ" ಅನ್ನೋದನ್ನು ಮೂವತ್ತೈದು ವರ್ಷದಿಂದ ಕೇಳ್ತಾ ಇದ್ದೇನೆ. ಸೊಸೈಟಿಯ ಕ್ಯಾಷ್ ಕೌಂಟರಿನಲ್ಲಿ ಕೂತಾಗಲೂ ಅದೇ ಮಾತು. ಸುಮ್ನೆ ಬಿಟ್ಟೆ, ಎಲ್ಲಿಯವರೆಗೆ ಹೋಗ್ತಾನೆ ನೋಡೋಣ ಅಂತ.

ಕಾಳಿ ದಂಡೆ · 5:48

ಅಂದ್ರೆ ಗೊತ್ತಿದ್ದೂ ಒಂದು ದಿನ ಪೂರ್ತಿ ಹೇಳಲಿಲ್ಲ. ಮಿತ್ರ ಅಂತ ಕರೆದ ಮೇಲೆ ನಂಬಬೇಕು ಅಂತ ಬರೆದವನು ನೀನೇ ಅಲ್ವೋ? ನಾನು ಬರೀ ಹೆಸರು ಬದಲಿಸಿ ಬಂದೆ. ನೀನು ಕೂತು ನೋಡ್ತಾ ಇದ್ದೆ.

ಕೋಡಿಬಾಗ ಮಾಸ್ತರ್ · 5:50

ನನ್ನ ಹಿತ್ತಲಿಗೆ ಇಳಿದವನು ನೀನು.

ಹಳೇ ನೌಕಾದಳ · 5:55

ಇಬ್ಬರೂ ಸೋತಿರಿ. ಊಟ ಅಕ್ಕೋರಿಗೆ.

ಕುಮಟಾ ಅಕ್ಕೋರು · 6:02

ನಾನು ಮೀನು ತಿನ್ನೋದಿಲ್ಲ. ಆ ಖಲಾಸಿ ಹುಡುಗನಿಗೆ ಹಾಕಿಸಿ.

ಬೈತಖೋಲ್ ಬಂಗಡೆ · 6:20

ಅವನು ಈಗ ಮಲ್ಪೆಯ ಬೋಟಿನಲ್ಲಿದ್ದಾನೆ. ಇಲ್ಲಿ ಇವತ್ತು ಇಶೋಣ ಕಡಿಮೆ, ರೇಟ್ ಕೇಳಬೇಡಿ. ನಾಳೆ ಬೆಳಿಗ್ಗೆ ಆರಕ್ಕೆ ಧಕ್ಕೆಗೆ ಬನ್ನಿ, ನೋಡಿ ಕೊಡ್ತೇನೆ.

ಕಾಳಿ ದಂಡೆ · 6:24

ಆರಕ್ಕೆ ಬರ್ತೇನೆ.

ಕೋಡಿಬಾಗ ಮಾಸ್ತರ್ · 6:25

ಬಂಗಡೆಯವರೇ, ಅವನು ಆರು ಅಂದ್ರೆ ಐದೂವರೆಗೆ ಬಂದು ದೊಡ್ಡದು ಆರಿಸಿಕೊಂಡು ಹೋಗ್ತಾನೆ. ಬಂದ ಕೂಡಲೇ ನನಗೊಂದು ಮಿಸ್ಡ್ ಕಾಲ್ ಕೊಡಿ.